ದೋಣಿಯವನು ಬಂದನೇ?

ಹೊಳೆ ದಂಡೆಯಲ್ಲಿ ಒಂದೂರು. ಊರೆಂದ ಮೇಲೆ ಒಬ್ಬ ಪೆದ್ದ ಬೇಡವೇ? ಇದ್ದ, ಮಾಯಿಗ. ಅವನ ತಾಯಿ ಚೆಲುವಮ್ಮ ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಮಾಯಿಗನ ಅಪ್ಪ ಕಾಲೇಜು ಲೈಬ್ರರಿಯ ಗುಮಾಸ್ತ. ಇಂಗ್ಲೆಂಡು, ಐರ್ಲೆಂಡಿನ ಹಳೇ ಕಾದಂಬರಿ ತಂದು ಹೆಂಡತಿ, ಮಗನಿಗೆ ಕನ್ನಡದಲ್ಲಿ ಹೇಳುತ್ತಿದ್ದ. ಕೊನೆಯದು ಐರ್ಲೆಂಡಿನದು. ಕಡಲ ತಡಿ, ಮಂಜು, ಕಿಟಕಿಯಲ್ಲಿ ಒಬ್ಬ ಹುಡುಗಿ. ಅವಳ ಹುಡುಗ ದೋಣಿ ಹತ್ತಿ ಹೋದ. ಬಂದನೇ? “ನಾಳೆ ಹೇಳ್ತೀನಿ” ಅಂದ ಅಪ್ಪ ಆ ನಾಳೆಗೆ ಉಳಿಯಲಿಲ್ಲ. ಪುಸ್ತಕ ಉಳಿಯಿತು. ಚೆಲುವಮ್ಮನಿಗೆ ಇಂಗ್ಲಿಷು ಬಾರದು. ಸಾಯೋದರೊಳಗೆ ಆ ಕೊನೆ ತಿಳಿಯಬೇಕು, ಅಷ್ಟೇ ಅವಳ ಆಸೆ.

ಇಂಗ್ಲಿಷು ಬಲ್ಲವರು ಸೇಸಪ್ಪ ಮೇಷ್ಟ್ರು. ಮೇಷ್ಟ್ರಿಗೆ ಮಂಡಿನೋವು, ಚೆಲುವಮ್ಮನಿಗೂ ಮಂಡಿನೋವು. ನಡೆಯೋ ಕಾಲಿದ್ದದ್ದು ಮಾಯಿಗನಿಗೆ.

“ಲೋ ಮಗನೇ, ಮೇಷ್ಟ್ರು ಓದಿ ಹೇಳ್ತಾರೆ. ಒಂದು ಮಾತೂ ಉದುರದ ಹಾಗೆ ತಗೊಂಡು ಬಾ!”

ಉದುರಬಾರದಲ್ಲ! ಮೇಷ್ಟ್ರಿಗೆ ಪುಸ್ತಕ ಕೊಟ್ಟು, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಕೂತ. ಮೇಷ್ಟ್ರ ಬಾಯಿ ಆಡುತ್ತಿತ್ತು, ಇವನಿಗೆ ಕಡಲೇ ಮೊರೆದಂತಿತ್ತು. ಹಾಯಾಗಿ ಕೇಳಿಸಿಕೊಂಡು ಬಂದ.

“ಬಂದ್ನೇನೋ ಅವನು?”

“ಬರೀ ಭೋರ್ ಅಂತು ಕಣವ್ವಾ!”

“ಅಯ್ಯೋ ಪೆದ್ದಾ! ಹತ್ತಿ ತೆಗಿ! ಕಿವಿ ತೆರೆದು ಕತೇಲಿ ಮುಳುಗಿಬಿಡಬೇಕು ಕಣೋ!”

ಸರಿ. ಮಾರನೇ ದಿನ ಕಿವಿ ತೆರೆದ, ಕತೆ ಪುಸ್ತಕ ಎದೆಗವಚಿಕೊಂಡು ಹೊಳೆಗಿಳಿದು ಮುಳುಗಿದ. ಒಳಗೆಲ್ಲ ಹಸಿರು ಬೆಳಕು. ಮೀನೊಂದು ಬಂದು ಪುಟದ ಅಂಚು ಮೂಸಿ ಹೋಯಿತು. ಮೇಲೆ ಬರೋಕೇ ಮನಸ್ಸಿರಲಿಲ್ಲ ಅವನಿಗೆ.

“ಅಯ್ಯಯ್ಯೋ, ಪುಸ್ತಕ ಅಂಬಲಿ ಆಯ್ತಲ್ಲೋ!”

“ನೀನೇ ಹೇಳಿದ್ಯಲ್ಲವ್ವಾ!”

“ಹಾಳೆ ಹಾಳೆ ಬಿಡಿಸಿ ಗಾಳಿಗೆ ಬಿಡೋ, ಹೋಗು!”

ಸರಿ. ದಿಬ್ಬ ಹತ್ತಿದ. ಒಂದೊಂದೇ ಹಾಳೆ ಬಿಡಿಸಿದ, ಗಾಳಿಗೆ ಬಿಟ್ಟ. ಬೆಳ್ಳಕ್ಕಿಗಳ ಹಾಗೆ ಹೊಳೆ ದಾಟಿ ಹೋದವು. ಎಷ್ಟು ಚೆಂದ! ಕೈ ಬೀಸಿ ಕಳಿಸಿಕೊಟ್ಟು, ಬರಿ ರಟ್ಟು ಹಿಡಿದು ಮನೆಗೆ ಬಂದ.

ಈ ಸಲ ಚೆಲುವಮ್ಮ ಬೈಯಲಿಲ್ಲ. ರಟ್ಟು ಮಡಿಲಲ್ಲಿಟ್ಟುಕೊಂಡು ಅತ್ತಳು. ಮಾಯಿಗ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

“ಅಳಬೇಡವ್ವಾ. ಏನು ಮಾಡ್ಲಿ ಹೇಳು.”

“ಪುಸ್ತಕ ಹೋದ್ರೆ ಹೋಗ್ಲಿ. ಅವನು ಬಂದ್ನಾ ಇಲ್ವಾ, ಅಷ್ಟು ತಿಳ್ಕೊಂಡು ಬಾ ಮಗಾ.”

ಮೇಷ್ಟ್ರಿಗೆ ಬಾಯಲ್ಲೇ ಇತ್ತು ಆ ಕೊನೆ. ಮೇಷ್ಟ್ರ ಹತ್ತಿರ ಹೋದನೇ? ಎಲ್ಲಿ! ಬರೋನು ದೋಣಿಯಲ್ಲಿ ತಾನೇ ಬರಬೇಕು? ಸೀದಾ ಹೊಳೆ ದಂಡೆಗೆ ಹೋದ. ಸಂಜೆ ಮಂಜು ಇಳಿಯುತ್ತಿತ್ತು. ಮಂಜಿನೊಳಗಿಂದ ಒಂದು ದೋಣಿ, ದೋಣಿಯಲ್ಲಿ ನರೆತ ಗಡ್ಡದ ಅಂಬಿಗ.

“ಬಂದ್ರಾ?”

“ಬಂದೆನಪ್ಪಾ, ಕಾಣಲ್ವಾ?”

“ಎಷ್ಟು ತಡ ಮಾಡಿದ್ರಿ! ಬನ್ನಿ, ನಮ್ಮವ್ವ ಅಳ್ತಾ ಕೂತಿದ್ದಾಳೆ!”

ಏನೋ ಎಂತೋ ಎಂದು ಅಂಬಿಗ ಹಿಂದೆಯೇ ಓಡಿಬಂದ.

“ಅವ್ವಾ, ಬಂದ!”

ಚೆಲುವಮ್ಮ ನೋಡಿದಳು. ನಗು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂದವು. ಅಂಬಿಗನಿಗೆ ಮಣೆ ಹಾಕಿ ಬಿಸಿ ಅನ್ನ ಬಡಿಸಿದಳು. ಬಡಿಸುತ್ತಾ ಮಗನನ್ನು ರೇಗಿಸಿದಳು: “ಇವನೇನೋ ಬಂದ. ಆ ಹುಡುಗಿಗೆ ಹೇಳೋರು ಯಾರೋ?”

“ಅಯ್ಯೋ! ಇನ್ನೂ ಕಿಟಕೀಲೇ ಇರ್ತಾಳಲ್ಲವ್ವಾ!” ಮಾಯಿಗ ಓಡಿದ. ಕಟ್ಟಿದ್ದ ದೋಣಿ ಬಿಚ್ಚಿದ, ಹುಟ್ಟು ಹಾಕಿದ, ಮಂಜಿನೊಳಗೆ ಹೋದ.

“ನನ್ನ ದೋಣಿ!” ಅಂಬಿಗ ತುತ್ತು ಬಿಟ್ಟು ಎದ್ದ.

“ನೀವು ಉಣ್ಣಿ, ಬರ್ತಾನೆ” ಅಂದಳು ಚೆಲುವಮ್ಮ. ಅಂದು, ಹೋಗಿ ಕಿಟಕಿಯಲ್ಲಿ ಕೂತಳು.