ವಜ್ರ ಸಿಗದ ಊರು

"ಗುರುಗಳೇ, ಮನುಷ್ಯನಲ್ಲಿ ಸತ್ವ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಹೇಗೆ?" ಎಂದು ಅಡಿವೆಯ್ಯ ಕೇಳಿದ.

ಮಠಕ್ಕೆ ಸೇರಲು ಬಂದವರನ್ನು ಒರೆಗೆ ಹಚ್ಚುವ ಕೆಲಸ ಅವನದು. ಈ ಸಲ ಬಂದ ಹೊಸಬನನ್ನು ಅವನು ಉಪವಾಸ ಕೆಡವಿದ್ದ, ಎಲ್ಲರೆದುರು ಹೀಯಾಳಿಸಿದ್ದ. ಅದೆಲ್ಲವನ್ನೂ ಹೊಸಬ ತಡೆದುಕೊಂಡ. ಕೊನೆಗೆ ಸತ್ತ ತಾಯಿಯನ್ನು ಎಳೆತಂದು ಬೈದಾಗ ಮಾತ್ರ ಕುಸಿದು ಕೂತು ಅತ್ತುಬಿಟ್ಟ. "ಇವನು ಗಟ್ಟಿಯಲ್ಲ" ಎಂದು ಅಡಿವೆಯ್ಯ ಅವನಿಗೆ ಊರಿಗೆ ಹೊರಡಲು ಹೇಳಿದ್ದ. ಹೇಳಿದ ಮೇಲೆ ಯಾಕೋ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಗುರುಗಳು ನಕ್ಕರು. "ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಇರಲಿ, ಕೂತುಕೋ" ಎಂದು ಕತೆ ಶುರು ಮಾಡಿದರು.

ಒಂದು ಹೊಳೆಯ ದಂಡೆಯಲ್ಲಿ ಒಂದು ಊರು. ಹೊಳೆಯ ತಳದ ಗರಸುಕಲ್ಲು ತೊಳೆದು ವಜ್ರ ಹುಡುಕುವುದೇ ಊರವರ ಕಸುಬು. ತಾತ ಮುತ್ತಾತಂದಿರ ಕಾಲದಿಂದ ಹುಡುಕುತ್ತಿದ್ದರು, ಒಂದೇ ಒಂದು ವಜ್ರ ಸಿಕ್ಕಿರಲಿಲ್ಲ. ವಜ್ರಕ್ಕಿಂತ ಗಟ್ಟಿಯಾದದ್ದು ಲೋಕದಲ್ಲಿಲ್ಲ, ನಿಜವಾದ ವಜ್ರಕ್ಕೆ ಹೊಡೆದರೆ ಸುತ್ತಿಗೆಗೇ ತಗ್ಗು ಬೀಳುತ್ತದೆ ಎಂದು ಹಿರಿಯರು ಹೇಳಿ ಹೋಗಿದ್ದರು. ಹಾಗಾಗಿ ಹೊಳೆಯುವ ಕಲ್ಲು ಯಾರಿಗೆ ಸಿಕ್ಕರೂ ಅದನ್ನು ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಬಲವಾಗಿ ಹೊಡೆಯುವುದು ಪದ್ಧತಿ. ಏಟು ಬಿದ್ದ ಕೂಡಲೇ ಎಲ್ಲರೂ ಬಗ್ಗಿ ಸುತ್ತಿಗೆಯ ಮುಖ ನೋಡುತ್ತಿದ್ದರು. ತಗ್ಗು ಇರುತ್ತಿರಲಿಲ್ಲ. ಚೂರುಗಳನ್ನು ಗುಡಿಸಿ ಕುಲುಮೆಯ ಹಿಂದಿನ ತಿಪ್ಪೆಗೆ ಎಸೆಯುತ್ತಿದ್ದರು.

ಗರಸು ತೊಳೆಯುವವನೊಬ್ಬನಿಗೆ ಒಂದು ದಿನ ಹುಣಸೆಬೀಜದಷ್ಟು ದೊಡ್ಡ ಕಲ್ಲು ಸಿಕ್ಕಿತು. ಅವನ ಅಪ್ಪ ಇದೇ ಹೊಳೆಯಲ್ಲಿ ಹುಡುಕಿ ಹುಡುಕಿ ಸತ್ತವನು. ಕಲ್ಲಿಗೆ ಎಂಟು ಮುಖ, ಎರಡು ಗೋಪುರಗಳನ್ನು ಬುಡಕ್ಕೆ ಬುಡ ಜೋಡಿಸಿಟ್ಟ ಹಾಗೆ. ಯಾವ ಉಳಿಯೂ ಅದನ್ನು ಮುಟ್ಟಿರಲಿಲ್ಲ. ಹೊಳೆಯಿಂದ ಮೇಲೆತ್ತಿದರೆ ನೀರು ಅದಕ್ಕೆ ಅಂಟದೆ ಜಾರಿಹೋಯಿತು. ತುಟಿಗೆ ಒತ್ತಿಕೊಂಡರೆ ತಣ್ಣಗೆ ಕೊರೆಯಿತು. ಬಾಯಿಯ ಆವಿ ಊದಿದರೆ ಮಸುಕು ಕೂರುವ ಮೊದಲೇ ಮಾಯವಾಯಿತು. ಅವನಿಗೆ ಮೈ ಜುಮ್ಮೆಂದಿತು. ದೇವರೇ ಅಂಗೈಗೆ ಬಂದು ಕೂತಿದ್ದಾನೆ ಅನ್ನಿಸಿ ಹೆದರಿಕೆಯೂ ಆಯಿತು.

ಹೆಂಡತಿ ನೋಡಿದಳು. "ಇದನ್ನು ಹೊಡೆಯುವುದು ಬೇಡ ಕಣ್ರೀ, ದೇವರ ಗೂಡಿನಲ್ಲಿ ಇಟ್ಟುಬಿಡೋಣ" ಎಂದಳು.

"ಹುಚ್ಚಿ, ವಜ್ರವಾದರೆ ಒಡೆಯುವುದಿಲ್ಲ. ಒಡೆದರೆ ವಜ್ರವೇ ಅಲ್ಲ. ನಾವು ಕಳೆದುಕೊಳ್ಳುವುದೇನು?" ಎಂದ ಅವನು.

ಎಷ್ಟು ಬುದ್ಧಿವಂತನ ಮಾತು ನೋಡು. ಊರೆಲ್ಲ ಸೇರಿತು, ಅವನೇ ಸುತ್ತಿಗೆ ಎತ್ತಿದ. ಒಂದೇ ಏಟಿಗೆ ಕಲ್ಲು ಸೀಳಿ ಚೂರಾಯಿತು. ಎಲ್ಲರೂ ಸುತ್ತಿಗೆ ನೋಡಿ, ಗಾಜು ಕಣೋ ಎಂದು ಅವನ ಬೆನ್ನು ತಟ್ಟಿ ಮನೆಗೆ ಹೋದರು. ಅವನಿಗೆ ಮಾತ್ರ ಮನೆಯಲ್ಲಿ ಸಾವಾದ ಹಾಗೆ ಸಂಕಟವಾಯಿತು.

ಅದೇ ಸಂಜೆ ರತ್ನದ ವ್ಯಾಪಾರಿಯೊಬ್ಬ ಆ ದಾರಿಯಲ್ಲಿ ಬಂದ. ಇಳಿಬಿಸಿಲಿಗೆ ತಿಪ್ಪೆ ಕೆಂಪು, ಹಸಿರು, ನೀಲಿಯಾಗಿ ಉರಿಯುತ್ತಿತ್ತು. ಅವನು ಒಂದು ಚೂರು ಎತ್ತಿ ಆವಿ ಊದಿ ನೋಡಿದ, ಇನ್ನೊಂದನ್ನು ಎತ್ತಿ ಊದಿದ. ಆಮೇಲೆ ಕಾಲಿನ ಚಪ್ಪಲಿ ಕಳಚಿಟ್ಟು ತಿಪ್ಪೆಗೆ ಕೈ ಮುಗಿದ.

"ಇದು ಹುಟ್ಟಿದ್ದು ಯಾವ ಬಾವಿಯೂ ಮುಟ್ಟದ ಆಳದಲ್ಲಪ್ಪಾ" ಎಂದು ಅಲ್ಲೇ ನಿಂತಿದ್ದ ಗರಸಿನವನಿಗೆ ಹೇಳಿದ. "ನಿನ್ನ ಒಲೆಯ ಇದ್ದಿಲು ಯಾವುದರಿಂದ ಆಗಿದೆಯೋ ಇದೂ ಅದರಿಂದಲೇ ಆದದ್ದು. ಭೂಮಿಯ ಭಾರ ಮೇಲೆ ಒತ್ತಿ, ಒಳಗಿನ ಕಾವು ಬೇಯಿಸಿ, ನಮ್ಮ ವಂಶಗಳು ಹುಟ್ಟುವುದಕ್ಕೆ ಎಷ್ಟೋ ಯುಗ ಮೊದಲು ಇದನ್ನು ಮಾಡಿಟ್ಟಿತು. ಆಮೇಲೆ ನೆಲ ಬಾಯಿಬಿಟ್ಟು ಬೆಂಕಿಯ ಜೊತೆ ಒಂದೇ ಉಸಿರಿಗೆ ಮೇಲಕ್ಕೆ ಉಗುಳಿತು. ಅಷ್ಟನ್ನೂ ತಾಳಿಕೊಂಡು ನಿಮ್ಮ ಹೊಳೆಗೆ ಬಂದಿತ್ತು."

"ಅಷ್ಟು ತಾಳಿದ್ದು ನನ್ನ ಒಂದು ಏಟು ತಾಳಲಿಲ್ಲವೇ?"

"ಗೀರು ತಾಳುವುದು ಬೇರೆ, ಪೆಟ್ಟು ತಾಳುವುದು ಬೇರೆ. ಇದನ್ನು ಗೀರಲು ಇನ್ನೊಂದು ವಜ್ರವೇ ಬೇಕು. ಆದರೆ ಸೌದೆಗೆ ಇರುವ ಹಾಗೆ ಇದಕ್ಕೂ ಎಳೆ ಇದೆ. ಆ ಎಳೆಗೆ ಏಟು ಬಿದ್ದರೆ ಸೀಳುತ್ತದೆ. ವಜ್ರವಾಗಿದ್ದಕ್ಕೇ ಅಷ್ಟು ನುಣ್ಣಗೆ ಸೀಳಿತು."

ಗರಸಿನವನು ತಿಪ್ಪೆಯ ಮುಂದೆ ಕೂತು ಕೈಯಿಂದ ಕೆದಕತೊಡಗಿದ. ಮೇಲೆ ಅವನು ಒಡೆದದ್ದು ಇತ್ತು. ಅದರ ಕೆಳಗೆಲ್ಲೋ ಅವನ ಅಪ್ಪ ಒಡೆದದ್ದೂ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜೀವಮಾನವೆಲ್ಲ ಹಲುಬಿದ ಊರು ಅದು.

ಗುರುಗಳು ಕತೆ ನಿಲ್ಲಿಸಿದರು. ಹೊರಗೆ ಜಗಲಿಯ ಮೇಲೆ ಹೊಸಬ ಬಟ್ಟೆಯ ಗಂಟು ಕಟ್ಟುತ್ತಿದ್ದ. ಅಡಿವೆಯ್ಯ ಅತ್ತ ತಿರುಗಿದ. "ಗುರುಗಳೇ, ಅವನು ಅತ್ತದ್ದು..." ಎಂದು ಏನೋ ಹೇಳಹೊರಟ.

"ಅವನು ಅತ್ತಾಗ ನೀನು ಯಾವುದನ್ನು ನೋಡುತ್ತಿದ್ದೆ ಅಡಿವೆಯ್ಯ, ಚೂರನ್ನೋ, ಸುತ್ತಿಗೆಯನ್ನೋ?" ಎಂದರು ಗುರುಗಳು.

ಅಡಿವೆಯ್ಯ ಎದ್ದು ಜಗಲಿಗೆ ಹೋಗಿ ಹೊಸಬ ಕಟ್ಟುತ್ತಿದ್ದ ಗಂಟನ್ನು ಬಿಚ್ಚತೊಡಗಿದ.