ಹಾಸ್ಟೆಲಿಗೆ ಬಂದ ಮಂಗನಬಾವು

ಊರಾಚೆ ಗುಡ್ಡದ ಬುಡದಲ್ಲಿ ಹೆಣ್ಣುಮಕ್ಕಳ ಒಂದು ವಸತಿ ಕಾಲೇಜು. ನೀಲಾಂಬಿಕೆ ಎಂಬವರು ಅಲ್ಲಿನ ಹಾಸ್ಟೆಲ್ ವಾರ್ಡನ್. ಒಮ್ಮೆ ಪರೀಕ್ಷೆ ಹತ್ತಿರ ಬಂದಾಗಲೇ ಹುಡುಗಿಯರಿಗೆ ಮಂಗನಬಾವು ಶುರುವಾಯಿತು. ಜ್ವರ, ಊದಿದ ಕೆನ್ನೆ, ಬಾಯಿ ತೆರೆದರೆ ನೋವು.

ನೀಲಾಂಬಿಕೆಗೆ ದಿಕ್ಕೇ ತೋಚಲಿಲ್ಲ. ಒಬ್ಬ ತಂದೆ ಫೋನ್ ಮಾಡಿ, "ನನ್ನ ಮಗಳನ್ನ ಈಗಿಂದೀಗ ಮನಿಗೆ ಕಳಸ್ರಿ" ಎಂದು ರೇಗಿದ. ಇನ್ನೊಬ್ಬ ತಾಯಿ, "ಕಳಸಬ್ಯಾಡ್ರಿ ಮೇಡಂ, ಮನ್ಯಾಗ ಬಸುರಿ ಸೊಸಿ ಅದಾಳ" ಎಂದು ಬೇಡಿಕೊಂಡಳು. ಡಾಕ್ಟರು "ಬೇರೆ ಇಡಿ" ಎಂದರು. ಪ್ರಿನ್ಸಿಪಾಲರು "ಸುದ್ದಿ ಹೊರಗೆ ಹೋಗಬಾರದು" ಎಂದರು.

ಕೊನೆಗೆ ನೀಲಾಂಬಿಕೆ ಹಳೆಯ ಉಗ್ರಾಣ ಖಾಲಿ ಮಾಡಿಸಿ, ಬಾವು ಬಂದವರನ್ನು ಅಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಿಸಿದರು. ಅಲ್ಲಿದ್ದವರು ಪರೀಕ್ಷೆಗೂ ಕೂರುವಂತಿಲ್ಲ ಎಂದಾಯಿತು. ಆದರೂ ರೋಗ ನಿಲ್ಲಲಿಲ್ಲ. ಉಗ್ರಾಣದ ಕಡೆ ಸುಳಿಯದವರಿಗೂ ಬಂತು. ನೀಲಾಂಬಿಕೆ ನೀರಿನ ಟ್ಯಾಂಕ್ ತೊಳೆಸಿದರು, ತಟ್ಟೆಗಳನ್ನು ಕುದಿಸಿದರು. ಎಲ್ಲಿಂದ ಬರುತ್ತಿದೆಯೋ ತಿಳಿಯದೆ ತಲೆ ಕೆಟ್ಟುಹೋಯಿತು.

ಒಂದು ಮಧ್ಯಾಹ್ನ ಶಶಿರೇಖಾ ಎಂಬ ವಿದ್ಯಾರ್ಥಿನಿ ತರಗತಿಯಲ್ಲೇ ವಾಂತಿ ಮಾಡಿಕೊಂಡು ಕುಸಿದಳು. ಮುಖಕ್ಕೆ ಸುತ್ತಿದ್ದ ದುಪಟ್ಟಾ ಬಿಚ್ಚಿದರೆ ಎರಡೂ ಕೆನ್ನೆ ಊದಿದ್ದವು. ಸೋಂಕು ಮಿದುಳಿಗೂ ಹಬ್ಬಿದೆ ಎಂದರು ಆಸ್ಪತ್ರೆಯವರು. ಅವಳು ಕಣ್ಣು ಬಿಡುವವರೆಗೆ ನೀಲಾಂಬಿಕೆ ಮಂಚದ ಬಳಿಯಿಂದ ಕದಲಲಿಲ್ಲ.

"ಮೊದಲ ಯಾಕ ಹೇಳಲಿಲ್ಲವ್ವ?"

"ಹೇಳಿದ್ರ ಆ ಕೋಣ್ಯಾಗ ಹಾಕಿ ಚಿಲಕ ಹಾಕ್ತೀರಿ, ಪರೀಕ್ಷಾನೂ ಹೋಗತೈತಿ. ನಾ ಒಬ್ಬಾಕಿ ಅಲ್ರಿ ಮೇಡಂ, ಭಾಳ ಮಂದಿ ಮುಚ್ಚಿಟ್ಟಾರ."

ರೋಗ ಎಲ್ಲಿಂದ ಬರುತ್ತಿದೆ ಎಂದು ನೀಲಾಂಬಿಕೆಗೆ ಈಗ ತಿಳಿಯಿತು. ಚಿಲಕ ತೆಗೆದರೆ ರೋಗಿಗಳು ಹೊರಗೆ ಓಡಾಡುತ್ತಾರೆ, ಹಾಕಿದರೆ ಬಚ್ಚಿಡುತ್ತಾರೆ. ಯಾವುದು ಸರಿ? ಆಸ್ಪತ್ರೆಯಿಂದ ಬರುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದರು. ಬಂದವರೇ ಪ್ರಿನ್ಸಿಪಾಲರ ಹತ್ತಿರ ವಾದ ಮಾಡಿ, ಕಾಯಿಲೆಯವರಿಗೆ ಬೇರೆ ದಿನ ಪರೀಕ್ಷೆ ಮಾಡಲು ಒಪ್ಪಿಸಿದರು. ಗಾಳಿ ಬೆಳಕಿರುವ ಅತಿಥಿ ಗೃಹದಲ್ಲಿ ಹಾಸಿಗೆ ಹಾಕಿಸಿದರು. ಚಿಲಕವಿಲ್ಲ, ಅಗಿಯಲಾರದವರಿಗೆ ಗಂಜಿ. ತಮಗೆ ಚಿಕ್ಕಂದಿನಲ್ಲೇ ಮಂಗನಬಾವು ಬಂದುಹೋಗಿ ಮತ್ತೆ ತಗಲುವ ಭಯವಿಲ್ಲದ್ದರಿಂದ ತಾವೇ ಅಲ್ಲಿ ಹೋಗಿ ಕೂತರು.

"ಹೇಳಿದವರಿಗೆ ಏನೂ ನಷ್ಟ ಇಲ್ಲ, ಇದು ನನ್ನ ಮಾತು" ಎಂದು ಊಟದ ಮನೆಯಲ್ಲಿ ಎಲ್ಲರಿಗೂ ಸಾರಿದರು.

ಮರುದಿನ ಬೆಳಿಗ್ಗೆ ಅವರ ಬಾಗಿಲ ಮುಂದೆ ಹುಡುಗಿಯರ ಸಾಲೇ ನಿಂತಿತ್ತು. ಪ್ರಿನ್ಸಿಪಾಲರು ಗಾಬರಿಯಾದರು. "ಏನ್ರೀ ಇದು, ಕಾಯಿಲೆ ಒಂದೇ ದಿನಕ್ಕೆ ಇಷ್ಟು ಹೆಚ್ಚಾಯ್ತಲ್ಲ!"

"ಇಷ್ಟೂ ನಿನ್ನೇನೂ ಇತ್ತು ಸರ್. ಇವತ್ತು ನಮಗೆ ಕಾಣಸಾಕತ್ತೈತಿ."

ಹಾಗೆಂದರೂ ತಾವು ಮಾಡಿದ್ದು ಸರಿಯೋ ತಪ್ಪೋ ನೀಲಾಂಬಿಕೆಗೇ ಖಾತ್ರಿಯಿರಲಿಲ್ಲ. ಕೆಲವು ವಾರ ಹೊಸಬರು ಬರುತ್ತಲೇ ಇದ್ದರು. ಆಮೇಲೆ ಕಡಿಮೆಯಾಗುತ್ತಾ ಬಂತು, ಒಂದು ದಿನ ನಿಂತೇಹೋಯಿತು. ಶಶಿರೇಖಾ ಚೇತರಿಸಿಕೊಂಡು ಬಂದು ಪರೀಕ್ಷೆ ಬರೆದಳು.

ನೀತಿ: ರೋಗ ಬಂದವರನ್ನು ತಪ್ಪಿತಸ್ಥರಂತೆ ಕಂಡರೆ ಅವರು ರೋಗವನ್ನು ಬಚ್ಚಿಡುತ್ತಾರೆ, ಬಚ್ಚಿಟ್ಟ ರೋಗ ಊರಿಗೆಲ್ಲ ಹಬ್ಬುತ್ತದೆ. ಹೇಳಿಕೊಂಡವರಿಗೆ ಆಸರೆಯಾಗುವುದೇ ಎಲ್ಲರನ್ನೂ ಕಾಯುವ ದಾರಿ.