ಹನ್ನೆರಡನೆಯ ಕಾಲು

ಏಳು ಗುಡ್ಡಗಳ ನಡುವೆ ಒಂದು ರಾಜ್ಯ. ಆ ರಾಜ್ಯಕ್ಕೆ ಒಬ್ಬ ಅರಸ, ಒಂದು ಕಲ್ಲಿನ ಚರ್ಚು, ಒಬ್ಬನೇ ಒಬ್ಬ ಮೂಳೆ ಪಂಡಿತ. ಪಂಡಿತನ ಹೆಸರು ಅರುಳಪ್ಪ. ಕೇಳುತ್ತಿದ್ದೀರಾ ಮಕ್ಕಳೇ? ನೆಟ್ಟಗೆ ಕೂತುಕೊಳ್ಳಿ. ಇದು ನಿದ್ದೆ ಬರಿಸುವ ಕಥೆಯಲ್ಲ.

ಅರುಳಪ್ಪನ ಕೈಗುಣ ಅಂಥಿಂಥದ್ದಲ್ಲ. ತಪ್ಪಿದ ಕೀಲಿನ ಮೇಲೆ ಹೆಬ್ಬೆರಳು ಇಟ್ಟರೆ ಸಾಕು. ಎಲ್ಲಿ ತಪ್ಪಿದೆ, ಎಷ್ಟು ತಪ್ಪಿದೆ, ಯಾವ ಕಡೆ ತಿರುಗಿಸಬೇಕು, ಎಲ್ಲವೂ ಆ ಬೆರಳಿಗೇ ತಿಳಿಯುತ್ತಿತ್ತು. ಒಂದು ತಿರುವು, ಒಂದು ಒತ್ತು, ಲಟಕ್ ಎಂದು ಒಂದು ಸದ್ದು. ಹೊತ್ತು ತಂದ ರೋಗಿ ನಡೆದುಕೊಂಡು ಹೋಗುತ್ತಿದ್ದ.

ಈ ವಿದ್ಯೆಯನ್ನು ಅವನೇನು ಹುಟ್ಟುವಾಗ ತಂದಿರಲಿಲ್ಲ. ತಬ್ಬಲಿಯಾಗಿದ್ದ ಅವನನ್ನು ಸಾಕಿದ ಮದಲೇನಜ್ಜಿ ಕಲಿಸಿದ್ದು. ಸಾಯುವ ಮುಂಚೆ ಅಜ್ಜಿ ಅವನ ಎರಡೂ ಕೈ ಹಿಡಿದು, "ಮಗಾ, ಈ ಕೈ ಯೇಸುಸ್ವಾಮಿ ಬಡವರಿಗೆ ಅಂತ ಕೊಟ್ಟಿದ್ದು. ನಿನ್ನ ತೋಳಿಗೆ ಅಂಟಿಸಿದ್ದಾನೆ, ಅಷ್ಟೆ" ಎಂದಿದ್ದಳು. ಅರುಳಪ್ಪ ಅಜ್ಜಿಯನ್ನು ಹೂತು ಬಂದ. ಆ ಮಾತನ್ನೂ ಅಲ್ಲೇ ಹೂತು ಬಂದ.

ಆಮೇಲೆ ಅವನು ಮುಟ್ಟಿದ್ದು ಅರಮನೆಯವರ ಕಾಲು, ದೊಡ್ಡ ಮನೆಗಳವರ ಕಾಲು, ಅವರ ಕುದುರೆಗಳ ಕಾಲು. ಉಳಿದ ಹೊತ್ತಿನಲ್ಲಿ ಎರಡೂ ಕೈಗೆ ರೇಷ್ಮೆಯ ಗವಸು ತೊಟ್ಟು ಕೂತಿರುತ್ತಿದ್ದ.

ಆ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ, ಪವಿತ್ರ ಗುರುವಾರದ ದಿನ, ಊರಿನಲ್ಲಿ ದೊಡ್ಡವನೆನಿಸಿದವನು ಹನ್ನೆರಡು ಬಡವರ ಕಾಲು ತೊಳೆದು ಮುತ್ತಿಡಬೇಕು. ನಾಲ್ಕು ವರ್ಷದಿಂದ ಆ ಮರ್ಯಾದೆ ಅರುಳಪ್ಪನದು. ಅದು ಸಿಕ್ಕ ಮೊದಲ ವರ್ಷವೇ ಅವನು ಒಂದು ಬಿಳಿ ಪರದೆ ಕಟ್ಟಿಸಿದ. ಬಡವರು ಪರದೆಯ ಹಿಂದೆ ಕೂರಬೇಕು, ಕಾಲು ಮಾತ್ರ ಈಚೆಗೆ ಚಾಚಬೇಕು. "ಪಾಪ, ಅವರಿಗೆ ನಾಚಿಕೆ ಆಗಬಾರದಲ್ಲ" ಎಂದ. ಜನ ಆಹಾ ಎಂದರು. ಕಾಲು ಏನೂ ಕೇಳುವುದಿಲ್ಲ, ಮುಖ ಕೇಳುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬೋಗುಣಿ ಹಿಡಿಯುವವಳು ಅವನ ಮನೆಯ ಕೆಲಸದ ಚೌರಮ್ಮ. ಜನರ ಕಣ್ಣೆಲ್ಲ ಅರುಳಪ್ಪನ ಬಾಗಿದ ತಲೆಯ ಮೇಲೆ. ಚೌರಮ್ಮನ ಕಣ್ಣು ಅವನ ಹೆಬ್ಬೆರಳಿನ ಮೇಲೆ. ನೆಟ್ಟಗಿದ್ದ ಪಾದದ ಮೇಲೆ ಆ ಬೆರಳು ಸರ್ರನೆ ಜಾರುತ್ತಿತ್ತು. ಮುರಿದ ಪಾದ ಬಂದಾಗ ನಿಲ್ಲುತ್ತಿತ್ತು. ಒತ್ತಿ ನೋಡುತ್ತಿತ್ತು. ತಿಳಿದುಕೊಳ್ಳುತ್ತಿತ್ತು. ಮುಂದೆ ಹೋಗುತ್ತಿತ್ತು. ಮೇಲೊಂದು ಮುತ್ತು. ಕುಂಟುತ್ತಾ ಬಂದವನು ಪನ್ನೀರಿನ ವಾಸನೆ ಹೊತ್ತು ಕುಂಟುತ್ತಲೇ ಮನೆಗೆ ಹೋಗುತ್ತಿದ್ದ.

ಚೌರಮ್ಮ ಹಲ್ಲು ಕಚ್ಚಿ ಬೋಗುಣಿ ಹಿಡಿದಿರುತ್ತಿದ್ದಳು.

ಐದನೆಯ ವರ್ಷ ಅರುಳಪ್ಪ ಚರ್ಚಿನ ಬಾಗಿಲಿಗೆ ಒಂದು ದೊಡ್ಡ ಕಲ್ಲು ಮಾಡಿಸಿದ. ಅದರ ಮೇಲೆ ಅವನದೇ ಹೆಸರು. ಅದನ್ನು ಚರ್ಚಿನ ಗುಡ್ಡ ಹತ್ತಿಸಿದವರಲ್ಲಿ ಚೌರಮ್ಮನ ಗಂಡ ಇನ್ನಾಸಿಯೂ ಒಬ್ಬ. ಮೆಟ್ಟಿಲಲ್ಲಿ ಕಲ್ಲು ಜಾರಿತು. ಇನ್ನಾಸಿಯ ಬಲಪಾದದ ಕೀಲು ತಪ್ಪಿ ಹೊರಗೆ ಬಂತು. ಇಪ್ಪತ್ತೊಂದು ದಿನದೊಳಗೆ ಕೂರಿಸಿದರೆ ಕಾಲು ಉಂಟು, ಇಲ್ಲವಾದರೆ ಬದುಕಿಡೀ ಕುಂಟು. ಕಲ್ಲು ಹೊರುವವನಿಗೆ ಕಾಲೇ ಅನ್ನ.

ಚೌರಮ್ಮ ಆ ದಿನವೇ ಓಡಿದಳು. "ಪಂಡಿತರೇ, ನಮ್ಮ ಯಜಮಾನರ ಕಾಲು ಹೋಯ್ತು. ಒಂದ್ಸಲ ಮುಟ್ಟಿ ನೋಡಿ."

"ನನ್ನ ಕೈ ಅರಮನೆಗೆ ಮೀಸಲು ಚೌರಮ್ಮ. ಕಂಡಕಂಡ ಕಾಲು ಹಿಡಿದರೆ ಕೈಗುಣ ಇಳಿದುಹೋಗುತ್ತೆ."

ವಾರ ಬಿಟ್ಟು ಮತ್ತೆ ಹೋದಳು. "ಪಂಡಿತರೇ, ಪಾದ ಕುಂಬಳಕಾಯಿ ಆಗಿದೆ."

"ಇದು ತಪಸ್ಸುಕಾಲ. ನಾನು ಪ್ರಾರ್ಥನೆಯಲ್ಲಿದ್ದೀನಿ. ಕಾಣಿಸ್ತಾ ಇಲ್ವಾ?"

ಇನ್ನೊಂದು ವಾರ ಬಿಟ್ಟು ಮೂರನೆಯ ಸಲ ಹೋದಳು. ಈ ಸಲ ಬೇಡಲಿಲ್ಲ, ಸುಮ್ಮನೆ ಎದುರು ನಿಂತಳು. ಅರುಳಪ್ಪ ನಕ್ಕ. "ಗುರುವಾರ ಕರ್ಕೊಂಡು ಬಾ. ಹನ್ನೆರಡನೆಯವನಾಗಿ ಕೂರಿಸು. ಕಾಲು ತೊಳೀತೀನಿ, ಮುತ್ತೂ ಕೊಡ್ತೀನಿ. ಅಷ್ಟು ಭಾಗ್ಯ ಎಷ್ಟು ಜನಕ್ಕೆ ಸಿಗುತ್ತೆ?"

ಚೌರಮ್ಮನ ಕಣ್ಣೀರು ಅಲ್ಲೇ ಬತ್ತಿತು. "ಆಗಲಿ, ಕರ್ಕೊಂಡು ಬರ್ತೀನಿ" ಎಂದವಳು ಮನೆಗೆ ಹೋಗಲಿಲ್ಲ, ನೇರ ಅರಮನೆಗೆ ನಡೆದಳು.

"ಬುದ್ಧೀ, ನಿಮ್ಮ ಬಲಗಾಲಿನ ಚಿನ್ನದ ಕಡಗ ಗುರುವಾರ ಒಂದು ಗಳಿಗೆ ನನಗೆ ಬೇಕು. ನೀವೂ ಬಂದು ಪರದೆಯ ಹಿಂದೆ ಕೂತು ನೋಡಬೇಕು."

ಅರಸನಿಗೆ ನಗು ಬಂತು. "ಕಡಗ ತಗೊಂಡು ನೀವು ಓಡಿಹೋದರೆ?"

"ಓಡೋಕೆ ನಮ್ಮ ಯಜಮಾನರಿಗೆ ಕಾಲೆಲ್ಲಿದೆ ಬುದ್ಧಿ? ಅದಕ್ಕೇ ಅಲ್ವಾ ಬಂದಿದ್ದು!"

ಅರಸನ ನಗು ನಿಂತಿತು. "ಪೂರಾ ಹೇಳಮ್ಮ" ಎಂದ. ಅವಳು ಪೂರಾ ಹೇಳಿದಳು.

ಗುರುವಾರ ಬೆಳಿಗ್ಗೆ ಚೌರಮ್ಮ ಗಂಡನ ಕಾಲನ್ನು ಬಿಸಿನೀರಿನಲ್ಲಿ ನೆನೆಸಿ, ಸೀಗೆಪುಡಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿದಳು. ಹಿಮ್ಮಡಿಯ ಬಿರುಕಿಗೆಲ್ಲ ಬೆಣ್ಣೆ ತುಂಬಿದಳು.

"ಮದುವೆ ದಿನಾನೂ ನನಗೆ ಇಷ್ಟು ತಿಕ್ಕಿರಲಿಲ್ಲ ಕಣೇ ಚೌರಿ!" ಎಂದ ಇನ್ನಾಸಿ.

"ಬಾಯಿ ಮುಚ್ಕೊಂಡಿರು. ಇವತ್ತು ಏನೇ ಆದರೂ ಉಸಿರೆತ್ತಬೇಡ."

ಚರ್ಚು ತುಂಬಿತ್ತು. ಪರದೆಯಡಿಯಿಂದ ಹನ್ನೆರಡು ಬಲಗಾಲುಗಳು ಈಚೆಗೆ ಬಂದವು. ಅರುಳಪ್ಪ ಗವಸು ಕಳಚಿ ಮೊಣಕಾಲೂರಿದ. ಚೌರಮ್ಮ ಅವನ ಕಿವಿಯ ಹತ್ತಿರ ಬಾಗಿ ನಿಜವನ್ನೇ ಹೇಳಿದಳು: "ಈ ಸಲ ಪರದೆಯ ಹಿಂದೆ ಅರಸರೂ ಕೂತಿದ್ದಾರೆ."

ಅರುಳಪ್ಪನ ಬೆನ್ನು ಇನ್ನಷ್ಟು ಬಾಗಿತು.

ಮೊದಲನೆಯ ಕಾಲು, ಎರಡನೆಯ ಕಾಲು. ಮೂರನೆಯದು ಬುಟ್ಟಿ ಹೆಣೆಯುವವನದು, ಬೆರಳು ಸೊಟ್ಟಗೆ ತಿರುಗಿತ್ತು. ಹೆಬ್ಬೆರಳು ನಿಂತಿತು. ಒತ್ತಿ ನೋಡಿತು. ಮುಂದೆ ಹೋಯಿತು. ಏಳನೆಯದು ಸೌದೆ ಹೊರುವ ಮುದುಕಿಯದು, ಗಂಟು ತಪ್ಪಿತ್ತು. ಹೆಬ್ಬೆರಳು ನಿಂತಿತು. ಒತ್ತಿ ನೋಡಿತು. ಮುಂದೆ ಹೋಯಿತು. ಹತ್ತನೆಯದು ಒಬ್ಬ ಮಡಿವಾಳನದು. ಹೆಬ್ಬೆರಳು ನಿಂತಿತು. ಒತ್ತಿ ನೋಡಿತು. ಮುಂದೆ ಹೋಯಿತು. ಮೂವರಿಗೂ ಮುತ್ತು ಮಾತ್ರ ಸಿಕ್ಕಿತು.

ಹನ್ನೆರಡನೆಯ ಕಾಲಿಗೆ ಚಿನ್ನದ ಕಡಗ ಇತ್ತು.

ಅರುಳಪ್ಪನ ಹೆಬ್ಬೆರಳು ಕೀಲಿನ ಮೇಲೆ ನಿಂತಿತು. ಅವನು ಪರದೆಗೆ ಮುಖ ತಾಗಿಸಿ ಪಿಸುಗುಟ್ಟಿದ: "ಪ್ರಭೂ! ಇದು ಎಂದಿನಿಂದ?"

ಪರದೆ ಮಾತಾಡಲಿಲ್ಲ. ಚೌರಮ್ಮ ಹೇಳಿದಳು: "ಇವತ್ತಿಗೆ ಹತ್ತೊಂಬತ್ತು ದಿನ."

"ಹತ್ತೊಂಬತ್ತು ದಿನವೇ! ನನಗೆ ಯಾರೂ ಯಾಕೆ ಹೇಳಲಿಲ್ಲ?"

"ಮೂರು ಸಲ ಹೇಳಿ ಕಳಿಸಿದ್ದರು. ನೀವೇ ಕಿವಿಗೆ ಹಾಕ್ಕೊಳ್ಳಲಿಲ್ಲ."

ಅರುಳಪ್ಪನ ಮುಖ ಬಿಳುಚಿತು. ಪನ್ನೀರಿನ ಗಿಂಡಿ ಉರುಳಿಹೋಯಿತು. ತಪಸ್ಸುಕಾಲ ನೆನಪಾಗಲಿಲ್ಲ, ಮೀಸಲು ನೆನಪಾಗಲಿಲ್ಲ. ಎರಡೂ ಕೈಯಲ್ಲಿ ಪಾದ ಹಿಡಿದ. ಒಂದು ತಿರುವು. ಒಂದು ಒತ್ತು. ಲಟಕ್!

"ಅಯ್ಯಯ್ಯೋ ಚೌರೀ, ಸತ್ತೆನಲ್ಲೇ!" ಎಂದು ಪರದೆಯ ಹಿಂದಿನಿಂದ ಕೂಗು ಬಂತು.

ಅರಸರು ಹಾಗೆ ಕೂಗುವುದಿಲ್ಲ. ಅರುಳಪ್ಪ ತಲೆಯೆತ್ತುವಷ್ಟರಲ್ಲಿ ಅರಸನೇ ಎದ್ದು ಪರದೆಯನ್ನು ಹಿಡಿದೆಳೆದ. ಹನ್ನೆರಡು ಮುಖಗಳು ಕಂಡವು. ಕಡಗ ತೊಟ್ಟ ಇನ್ನಾಸಿ ಮೆಲ್ಲಗೆ ಎದ್ದ. ಕಾಲೂರಿ ನಿಂತ. ಒಂದು ಹೆಜ್ಜೆ ಇಟ್ಟ, ಎರಡಿಟ್ಟ, ಮೂರನೆಯದಕ್ಕೆ ಅಳಲು ಶುರು ಮಾಡಿದ.

"ಮೋಸ!" ಎಂದು ಅರುಳಪ್ಪ ಕಿರುಚಿದ. "ಇದು ಅರಸರ ಕಾಲು ಅಂದುಕೊಂಡೆ!"

"ಉಳಿದವು ಯಾರ ಕಾಲು ಅಂದುಕೊಂಡೆ?" ಎಂದು ಅರಸ ಕೇಳಿದ.

ಚೌರಮ್ಮ ಬೋಗುಣಿಯನ್ನು ಅವನ ಮುಂದೆ ಕುಕ್ಕಿದಳು. ನೀರು ಅವನ ಜರಿಯಂಚಿನ ಪಂಚೆಯ ಮೇಲೆಲ್ಲ ಚೆಲ್ಲಿತು.

"ಮೂರನೇ ಕಾಲಲ್ಲಿ ನಿಮ್ಮ ಬೆರಳು ನಿಂತಿತು. ಏಳನೇದರಲ್ಲಿ ನಿಂತಿತು. ಹತ್ತನೇದರಲ್ಲಿ ನಿಂತಿತು. ಗೊತ್ತಿಲ್ಲದೇ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ಗೊತ್ತಿದ್ದೂ ಬಿಟ್ಟಿರಿ! ವರ್ಷ ವರ್ಷವೂ ಮುರಿದ ಕಾಲಿಗೆ ಮುತ್ತು ಕೊಟ್ಟು ಮುರಿದ ಹಾಗೇ ಕಳಿಸಿದಿರಿ! ಕಾಲು ತೊಳೆಯೋಕೆ ಪಂಡಿತರು ಯಾಕೆ ಬೇಕು? ಒಂದು ಚೊಂಬು ನೀರಿದ್ದರೆ ನಾನೇ ತೊಳೀತೀನಿ. ಕೂರಿಸೋಕೆ ಈ ರಾಜ್ಯದಲ್ಲಿ ಇರೋದು ಎರಡೇ ಕೈ. ಅವಕ್ಕೆ ರೇಷ್ಮೆ ಸುತ್ತಿಟ್ಟಿರಲ್ಲ ಸ್ವಾಮೀ! ಯೇಸುಸ್ವಾಮಿ ಕುಂಟನ ಹತ್ತಿರ ಹೋಗಿದ್ದು ಕಾಲಿಗೆ ಪನ್ನೀರು ಹಾಕೋಕಾ?"

ಅರಸ ಮೂರು ಮಾತು ಹೇಳಿದ. "ಈ ಪರದೆಯನ್ನು ಹರಿದು ಪಟ್ಟಿ ಮಾಡಿ, ಮೂಳೆ ಕಟ್ಟಲು ಬೇಕು. ಆ ಹೆಸರಿನ ಕಲ್ಲನ್ನು ಬಾಗಿಲಿಂದ ತೆಗೆದು, ಮಗುಚಿ ಮೆಟ್ಟಿಲಿಗೆ ಹಾಕಿ, ಕಾಲು ನೆಟ್ಟಗಾದವರು ತುಳಿದುಕೊಂಡು ಹತ್ತಲಿ. ಅರುಳಪ್ಪಾ, ನೀನು ನಾಳೆಯಿಂದ ಆ ಮೆಟ್ಟಿಲ ಮೇಲೆ ಕೂರುತ್ತೀಯ. ಮೊದಲು ಬಡವರು, ಆಮೇಲೆ ದೊಡ್ಡ ಮನೆಯವರು, ಎಲ್ಲರೂ ಮುಗಿದ ಮೇಲೆ ನಾನು. ಇವತ್ತು ಇನ್ನೂ ಮೂರು ಕಾಲು ಬಾಕಿ ಇವೆ. ಹತ್ತನೆಯದರಿಂದ ಶುರು ಮಾಡು."

ಲಟಕ್. ಲಟಕ್. ಲಟಕ್.

ಅರುಳಪ್ಪನ ಮನಸ್ಸು ತಿರುಗಿತೇ ಎಂದು ಕೇಳುತ್ತೀರಿ. ಮುರಿದ ಕಾಲಿಗೆ ಆ ಗೊಡವೆ ಇಲ್ಲ. ಕೈ ತಿರುಗಿತು, ಅಷ್ಟು ಸಾಕಾಯಿತು. ಒಂದು ಮಾತ್ರ ನಿಜ. ಎಷ್ಟು ಜನರ ಕಾಲು ಹಿಡಿದರೂ ಅವನ ಕೈಗುಣ ಇಳಿಯಲಿಲ್ಲ.

ನೀತಿ ಏನೆಂದು ಬಿಡಿಸಿಯೇ ಹೇಳುತ್ತೇನೆ. ದೇವರು ನಿಮಗೆ ಕೊಟ್ಟ ವಿದ್ಯೆ ಬಡವರ ಪಾಲು. ಅದನ್ನು ಬಚ್ಚಿಟ್ಟುಕೊಂಡು ಅವರಿಗೆ ಬೇರೆ ಏನು ಕೊಟ್ಟರೂ, ಎಷ್ಟು ಬಾಗಿ ಕೊಟ್ಟರೂ, ಅದು ದಾನವಲ್ಲ, ಕಳ್ಳತನ. ಕಥೆ ಇಲ್ಲಿಗೆ ಸಾಕು. ಈಗ ಎಲ್ಲರೂ ನಿಮ್ಮ ನಿಮ್ಮ ಕೈ ನೋಡಿಕೊಳ್ಳಿ.